ಐದು ನಿಮಿಷದ ಸೋಮಾರಿಗಳು

ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುವ ಮನುಷ್ಯ ಎಷ್ಟು ಹೊತ್ತು ಸುಮ್ಮನಿದ್ದರೆ ಸೋಮಾರಿ ಎನಿಸಿಕೊಳ್ಳುತ್ತಾನೆ? ಹಿಂದೆಲ್ಲ ಊರಿನವರು ಇದನ್ನು ಅವನ ಹೊಲ, ಕೊಟ್ಟಿಗೆ, ಸಾಲಪತ್ರ ನೋಡಿ ತೀರ್ಮಾನಿಸುತ್ತಿದ್ದರು. ಅದಕ್ಕೆ ಹತ್ತಾರು ವರ್ಷ ಹಿಡಿಯುತ್ತಿತ್ತು. ಈಗ ಐದು ನಿಮಿಷ ಸಾಕು. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ನಿಮ್ಮ ಹೆಸರಿನ ಪಕ್ಕ ಹಸಿರು ಚುಕ್ಕೆ ಇದ್ದರೆ ನೀವು ಕೆಲಸದಲ್ಲಿದ್ದೀರಿ. ಕೀಬೋರ್ಡು, ಮೌಸು ಎರಡೂ ಐದು ನಿಮಿಷ ಅಲ್ಲಾಡದಿದ್ದರೆ ಚುಕ್ಕೆ ಹಳದಿಗೆ ತಿರುಗುತ್ತದೆ. ನೀವು ಬಚ್ಚಲಿಗೆ ಹೋದಿರೋ, ಫೋನಿನಲ್ಲಿ ಅದೇ ಕ್ಲೈಂಟಿನ ಬೈಗುಳ ಕೇಳುತ್ತಿದ್ದೀರೋ, ಕಾಗದದ ಮೇಲೆ ಅದೇ ಪ್ರಾಜೆಕ್ಟಿನ ಲೆಕ್ಕ ಬಿಡಿಸುತ್ತಿದ್ದೀರೋ, ಚುಕ್ಕೆಗೆ ಗೊತ್ತಿಲ್ಲ. ಚುಕ್ಕೆಯನ್ನು ನೋಡುತ್ತಾ ಕೂತವರಿಗೆ ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಹೀಗಾಗಿ ಎಚ್‌ಎಸ್‌ಆರ್ ಲೇಔಟಿನಿಂದ ವಿಜಯನಗರದವರೆಗೆ ಬೆಂಗಳೂರಿನ ಮನೆಗಳಲ್ಲಿ ಒಂದು ಹೊಸ ಗೃಹಕೈಗಾರಿಕೆ ಹುಟ್ಟಿಕೊಂಡಿದೆ. ಮುಳ್ಳಿನ ಕೈಗಡಿಯಾರವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಮೌಸ್ ಕೂರಿಸಿದರೆ, ಸೆಕೆಂಡಿನ ಮುಳ್ಳು ಮೌಸಿನ ಕಣ್ಣಡಿಯಲ್ಲಿ ಓಡಾಡಿ ತೆರೆಯ ಮೇಲಿನ ಬಾಣವನ್ನು ಅಲ್ಲಾಡಿಸುತ್ತಿರುತ್ತದೆ. ಅತ್ತಿತ್ತ ತಿರುಗುವ ಟೇಬಲ್ ಫ್ಯಾನಿಗೂ ಮೌಸಿಗೂ ದಾರ ಕಟ್ಟುವವರಿದ್ದಾರೆ. ಇಷ್ಟೆಲ್ಲ ತಲೆ ಓಡಿಸಲು ಪುರಸೊತ್ತಿಲ್ಲದವರಿಗೆ ಮೌಸ್ ಜಿಗ್ಲರ್ ಎಂಬ ಸಿದ್ಧ ಯಂತ್ರವೇ ಆನ್‌ಲೈನಿನಲ್ಲಿ ಸಿಗುತ್ತದೆ. ಮನೆಮಂದಿಯೂ ಸಂಬಳವಿಲ್ಲದೆ ಕಂಪನಿಗೆ ಸೇರಿಬಿಟ್ಟಿದ್ದಾರೆ. "ಲೋ, ನಿನ್ ಡಬ್ಬಿ ಹಳದಿಗೆ ಬಂತು ಕಣೋ, ಒಂದ್ಸಲ ಮುಟ್ಟಿ ಹೋಗು" ಎಂದು ಹಾಲ್‌ನಿಂದ ಅಮ್ಮ ಕೂಗಿದರೆ, ಸ್ನಾನಕ್ಕಿಳಿದ ಮಗ ಅಲ್ಲಿಂದಲೇ "ನೀನೇ ಒಂಚೂರು ಅಲ್ಲಾಡಿಸಮ್ಮ" ಎನ್ನುತ್ತಾನೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಅಲ್ಲಾಡಿಸುತ್ತಾರೆ. ಆ ಕ್ಷಣದಲ್ಲಿ ಅಮೆರಿಕದ ಯಾವುದೋ ವಿಮಾ ಕಂಪನಿಯ ಉತ್ಪಾದಕತೆ ಒಂದು ಕೂದಲೆಳೆಯಷ್ಟು ಏರಿರುತ್ತದೆ.

ನಗಬೇಡಿ, ಈ ತಪ್ಪಿಗೆ ಕೆಲಸ ಹೋಗುತ್ತದೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಮನೆಗೆ ಕಳಿಸಿತು. ಕೀಬೋರ್ಡ್ ಚಟುವಟಿಕೆಯನ್ನು ನಕಲಿಯಾಗಿ ಸೃಷ್ಟಿಸಿ ಕೆಲಸ ಮಾಡುತ್ತಿರುವಂತೆ ತೋರಿಸಿದರು ಎಂಬುದು ಆರೋಪ. ನೈತಿಕತೆಯ ವಿಷಯದಲ್ಲಿ ರಾಜಿ ಇಲ್ಲ ಎಂಬ ಧಾಟಿಯಲ್ಲಿ ಬ್ಯಾಂಕು ಮಾತಾಡಿತು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಈ ಬ್ಯಾಂಕಿನ ಹಳೆಯ ಕಡತ ಒಂದಿದೆ. 2016ರಲ್ಲಿ ಇದೇ ಬ್ಯಾಂಕಿನ ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಇಲ್ಲದಂತೆ ಅವರ ಹೆಸರಿನಲ್ಲಿ ಲಕ್ಷಾಂತರ ಖಾತೆ ತೆರೆದಿದ್ದು ಬಯಲಾಯಿತು. ಮೊದಲು 20 ಲಕ್ಷದ ಆಸುಪಾಸು ಎಂದರು, ಮರುವರ್ಷ 35 ಲಕ್ಷದವರೆಗೆ ಇರಬಹುದು ಎಂದರು. ಯಾಕೆ ಹೀಗೆ ಮಾಡಿದರು? ಒಬ್ಬೊಬ್ಬ ಗ್ರಾಹಕನಿಗೂ ಬ್ಯಾಂಕಿನ ಎಂಟೆಂಟು ಸೇವೆ ಅಂಟಿಸಬೇಕು ಎಂಬ ಗುರಿ ಮೇಲಿನಿಂದ ಬಂದಿತ್ತು. ಗಿರಾಕಿಗೆ ಎಂಟು ಬೇಡ, ಬಾಸಿಗೆ ಎಂಟು ಬೇಕು. ನಡುವೆ ಸಿಕ್ಕ ಗುಮಾಸ್ತ ಎಂಟನ್ನು ತಾನೇ ಹುಟ್ಟಿಸಿದ. ಸುಮಾರು 5,300 ಜನರ ಕೆಲಸ ಹೋಯಿತು, ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. 2020ರಲ್ಲಿ ಇತ್ಯರ್ಥಕ್ಕೆಂದು ಇನ್ನೂ 300 ಕೋಟಿ ಡಾಲರ್ ಕಕ್ಕಬೇಕಾಯಿತು.

ಖಾತೆ ಎಣಿಸಿದಾಗ ಸುಳ್ಳು ಖಾತೆ ಹುಟ್ಟಿದವು, ಬೆರಳಿನ ಒತ್ತು ಎಣಿಸಿದಾಗ ಸುಳ್ಳು ಒತ್ತು ಹುಟ್ಟಿದವು. ನಾಳೆ ನಗು ಎಣಿಸಿದರೆ ಸುಳ್ಳು ನಗು ಬರುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಈ ರೋಗವನ್ನು 1975ರಲ್ಲೇ ಗುರುತಿಸಿದ್ದರು: ಅಳತೆಗೋಲನ್ನೇ ಗುರಿಯನ್ನಾಗಿ ಮಾಡಿದ ದಿನ ಅದು ಅಳತೆಗೋಲಾಗಿ ಉಳಿಯುವುದಿಲ್ಲ. ಆದರೆ ಅವರು ಹೇಳಿದ್ದು ಕೇಂದ್ರ ಬ್ಯಾಂಕಿನ ಹಣಕಾಸು ನೀತಿಯ ಬಗ್ಗೆ. ನಮ್ಮ ಎಚ್‌ಆರ್ ವಿಭಾಗದವರು ಅಷ್ಟು ಒಣ ವಿಷಯ ಓದುವುದಿಲ್ಲ.

ಈಗ ನಮ್ಮ ಮ್ಯಾನೇಜರ್ ಮಹಾಶಯರ ಕಡೆ ಬರೋಣ. ಅವರ ಮೇಲೆ ನನಗೆ ಸಿಟ್ಟಿಗಿಂತ ಕನಿಕರವೇ ಹೆಚ್ಚು. ಒಂದು ಕಾಲದಲ್ಲಿ ಅವರೂ ಕೋಡ್ ಬರೆಯುತ್ತಿದ್ದರು. ಬಡ್ತಿಯಾದ ಮೇಲೆ ಎಕ್ಸೆಲ್ ಬಂತು, ಎಕ್ಸೆಲ್ ಆದಮೇಲೆ ಪವರ್‌ಪಾಯಿಂಟ್ ಬಂತು, ಅಲ್ಲಿಂದಾಚೆಗೆ ಕೆಳಗಿನವರು ಏನು ಮಾಡುತ್ತಿದ್ದಾರೆ ಎಂಬುದು ಅವರಿಗೆ ಅರ್ಥವಾಗುವುದು ನಿಂತುಹೋಯಿತು. ಆಫೀಸಿನಲ್ಲಿ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಫಿ ಮಗ್ ಹಿಡಿದು ಸಾಲಿನುದ್ದ ಒಂದು ಸುತ್ತು ಹಾಕಿದರೆ ಮೇಲ್ವಿಚಾರಣೆ ಮುಗಿಯಿತು. ಕುರ್ಚಿಗೆ ಬ್ಯಾಗ್ ತಗುಲಿಸಿದೆಯೇ? ಇದ್ದಾನೆ. ರಾತ್ರಿ ಎಂಟಾದರೂ ಹೊರಟಿಲ್ಲವೇ? ಶ್ರಮಜೀವಿ. ಆರಕ್ಕೇ ಹೊರಟನೇ? ಈ ಸಲದ ಅಪ್ರೈಸಲ್‌ನಲ್ಲಿ ಮಾತಾಡೋಣ. ಅವರು ಅಳೆಯುತ್ತಿದ್ದುದು ಕೆಲಸವನ್ನಲ್ಲ, ಕೂತಿರುವುದನ್ನು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಒಂದೇ ವಾರದಲ್ಲಿ ಸಾಲು ಸಾಲು ಕುರ್ಚಿಗಳು ಖಾಲಿಯಾದವು. ಬ್ಯಾಗುಗಳು ಮನೆಗೆ ಹೋದವು. ಕೆಲಸ ಮಾತ್ರ ನಿಲ್ಲಲಿಲ್ಲ! ಬಿಲ್ ಹೋಯಿತು, ಡಾಲರ್ ಬಂತು, ಕಂಪನಿಗಳ ಲಾಭ ಏರಿತು. ಕಾಫಿ ಮಗ್ ಹಿಡಿದು ಸುತ್ತುವವರಿಲ್ಲದೆಯೂ ಗಾಡಿ ಓಡುತ್ತದೆ ಎಂಬ ಭಯಾನಕ ಸತ್ಯ ಬಯಲಾಗುವ ಮುನ್ನ ಏನಾದರೂ ಮಾಡಬೇಕಿತ್ತು.

ಮೊದಲು ಮಾಡಿದ್ದು ಮೀಟಿಂಗ್. ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡ್‌ಅಪ್, ಅದನ್ನು ಎಲ್ಲರೂ ಕೂತೇ ಮಾಡುತ್ತಾರೆ. ಹನ್ನೊಂದೂವರೆಗೆ ಸಿಂಕ್. ನಾಲ್ಕಕ್ಕೆ "ಗಯ್ಸ್, ಒಂದೇ ಒಂದು ಕ್ವಿಕ್ ಕಾಲ್", ಅದು ಐದೂಕಾಲಿಗೆ ಮುಗಿಯುತ್ತದೆ. ಆರೂವರೆಗೆ ದಿನದ ಸ್ಟೇಟಸ್. ರಾತ್ರಿ ಒಂಬತ್ತೂವರೆಗೆ ಅಮೆರಿಕದ ಕಡೆಯವರಿಗೆ ಬೆಳಗಾಗಿರುತ್ತದೆ, ಆದ್ದರಿಂದ ಇನ್ನೊಮ್ಮೆ. ಇಷ್ಟೂ ಮುಗಿಸಿದವನನ್ನು ಮರುದಿನ ಬೆಳಿಗ್ಗೆ ಕೇಳುತ್ತಾರೆ: "ನಿನ್ನೆಯಿಂದ ಟಿಕೆಟ್ ಯಾಕೆ ಮೂವ್ ಆಗಿಲ್ಲ?"

ಆಮೇಲೆ ಬಂದದ್ದು ಸಾಫ್ಟ್‌ವೇರ್. ಹತ್ತು ನಿಮಿಷಕ್ಕೊಮ್ಮೆ ತೆರೆಯ ಫೋಟೊ ತೆಗೆಯುವುದು, ಕೀ ಒತ್ತಿದ್ದನ್ನು ಲೆಕ್ಕ ಹಾಕುವುದು, ಯಾವ ವೆಬ್‌ಸೈಟು "ಉತ್ಪಾದಕ", ಯಾವುದು "ಅನುತ್ಪಾದಕ" ಎಂದು ಬಣ್ಣ ಹಚ್ಚುವುದು. ಇದರ ಫಲವನ್ನು ನೋಡಲು ಒಂದು ಟೀಮನ್ನು ಕಲ್ಪಿಸಿಕೊಳ್ಳಿ. ಪ್ರತಿ ತಿಂಗಳ ಕೊನೆಗೆ ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಮು ರಾತ್ರಿ ಎರಡಕ್ಕೆ ಮುಗ್ಗರಿಸಿ ಬೀಳುತ್ತದೆ. ಟೀಮಿನ ಒಬ್ಬಾಕೆ ಅದರ ಎರಡು ಹಾಳೆ ಪ್ರಿಂಟ್ ತೆಗೆದುಕೊಂಡು ಹಜಾರದ ಉಯ್ಯಾಲೆಯ ಮೇಲೆ ಕೂತು ಓದುತ್ತಾಳೆ, ಸೂರು ನೋಡುತ್ತಾಳೆ, ಮತ್ತೆ ಓದುತ್ತಾಳೆ. ಮುಕ್ಕಾಲು ಗಂಟೆಯಾದ ಮೇಲೆ ಎದ್ದು ಬಂದು ಒಂದು ಸಾಲು ತಿದ್ದುತ್ತಾಳೆ. ಆ ಪ್ರೋಗ್ರಾಮು ಮತ್ತೆ ಬೀಳುವುದಿಲ್ಲ. ಡ್ಯಾಶ್‌ಬೋರ್ಡಿನ ಪ್ರಕಾರ ಆಕೆ ಮುಕ್ಕಾಲು ಗಂಟೆ ಸತ್ತಿದ್ದಳು. ಅದೇ ಹೊತ್ತಿನಲ್ಲಿ ಅವಳ ಸಹೋದ್ಯೋಗಿ ಹದಿನಾಲ್ಕು ಮೇಲ್‌ಗಳಿಗೆ "ನೋಟೆಡ್" ಎಂದು ಉತ್ತರಿಸಿದ್ದಾನೆ, ಮೂರು ಗುಂಪುಗಳಲ್ಲಿ ಹೆಬ್ಬೆರಳು ಎತ್ತಿದ್ದಾನೆ, ಸ್ಲೈಡಿನ ನೀಲಿಯನ್ನು ಕಡುನೀಲಿ ಮಾಡಿ ಮತ್ತೆ ನೀಲಿ ಮಾಡಿದ್ದಾನೆ. ಅವನ ಹೆಸರಿನ ಮುಂದೆ ಹಸಿರು ಕಂಬ ಮುಗಿಲು ಮುಟ್ಟುತ್ತದೆ. ಅಪ್ರೈಸಲ್‌ನಲ್ಲಿ ಅವನದು "ಓನರ್‌ಶಿಪ್ ಚೆನ್ನಾಗಿದೆ". ಅವಳಿಗೆ ಸಿಗುವ ಸಲಹೆ: "ಸ್ವಲ್ಪ ವಿಸಿಬಿಲಿಟಿ ಇಂಪ್ರೂವ್ ಮಾಡ್ಕೊಳ್ಳಿ ಮೇಡಂ."

ಇದು ಕಲ್ಪನೆಯಾದರೂ ಇದರ ಅಜ್ಜ ನಿಜ. 1982ರಲ್ಲಿ ಆ್ಯಪಲ್ ಕಂಪನಿಯ ಲೀಸಾ ಕಂಪ್ಯೂಟರ್ ತಯಾರಾಗುತ್ತಿದ್ದಾಗ, ಎಂಜಿನಿಯರುಗಳು ವಾರಕ್ಕೆ ಎಷ್ಟು ಸಾಲು ಕೋಡ್ ಬರೆದರು ಎಂದು ಫಾರಂ ತುಂಬಬೇಕೆಂದು ಮೇಲಿನವರು ಹುಕುಂ ಹೊರಡಿಸಿದರು. ಅವರಲ್ಲೊಬ್ಬರಾದ ಬಿಲ್ ಆಟ್ಕಿನ್ಸನ್ ಆ ವಾರ ಚಿತ್ರ ಬಿಡಿಸುವ ಕೋಡನ್ನು ಹೊಸದಾಗಿ ಬರೆದು ಅದರ ವೇಗವನ್ನು ಹಲವು ಪಟ್ಟು ಹೆಚ್ಚಿಸಿದ್ದರು. ಹಾಗೆ ಮಾಡುವಾಗ ಸುಮಾರು 2,000 ಸಾಲು ಬೇಡವಾಗಿ ಕಿತ್ತುಹೋದವು. ಫಾರಂನಲ್ಲಿ ಅವರು ಪ್ರಾಮಾಣಿಕವಾಗಿ "ಮೈನಸ್ 2000" ಎಂದು ಬರೆದರು. ಕೆಲವು ವಾರಗಳಾದ ಮೇಲೆ ಅವರಿಂದ ಫಾರಂ ಕೇಳುವುದನ್ನು ನಿಲ್ಲಿಸಿದರಂತೆ. ಇವತ್ತಾಗಿದ್ದರೆ ಮೈನಸ್ ಕಂಡ ಕೂಡಲೇ ವ್ಯವಸ್ಥೆಯೇ ಎಚ್‌ಆರ್‌ಗೆ ಮೇಲ್ ಕಳಿಸುತ್ತಿತ್ತು.

ಕೆಲಸದ ಅಳತೆಗೆ ಮೂಲಪುರುಷ ಎಂದು ಫ್ರೆಡರಿಕ್ ಟೇಲರ್‌ನನ್ನು ಬೈಯುವುದು ವಾಡಿಕೆ. ಸ್ಟಾಪ್‌ವಾಚ್ ಹಿಡಿದು ಬೆತ್ಲಹೆಮ್ ಉಕ್ಕಿನ ಕಾರ್ಖಾನೆಗೆ ಹೋದ ಆ ಮನುಷ್ಯ, ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದ ಕೂಲಿಯಿಂದ ನಲವತ್ತೇಳೂವರೆ ಟನ್ ಹೊರಿಸಿದ್ದಾಗಿ ಹೆಮ್ಮೆಯಿಂದ ಬರೆದುಕೊಂಡ. ನಿರ್ದಯಿ, ಒಪ್ಪೋಣ. ಆದರೆ ಅವನು ಕೊನೆಗೂ ತೂಗಿದ್ದು ಕಬ್ಬಿಣವನ್ನು. ಕೂಲಿಯ ತೋಳು ಎಷ್ಟು ಸಲ ಅಲ್ಲಾಡಿತು ಎಂದು ಎಣಿಸಿ, ಕಬ್ಬಿಣ ಗಾಡಿ ಸೇರಿತೋ ಇಲ್ಲವೋ ನೋಡದೆ ಬಟವಾಡೆ ಮಾಡುವಷ್ಟು ಪೆದ್ದನಾಗಿರಲಿಲ್ಲ. ಆ ಮಟ್ಟ ತಲುಪಲು ನಮಗೆ ಇನ್ನೂ ನೂರು ವರ್ಷ ಬೇಕಾಯಿತು.

ಚುಕ್ಕೆಯ ತಯಾರಕರಿಗೂ ಈ ಕಾಯಿಲೆ ಗೊತ್ತು. 2022ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ 11 ದೇಶಗಳ 20,000 ಜನರನ್ನು ಕೇಳಿ ಒಂದು ಸಮೀಕ್ಷೆ ಪ್ರಕಟಿಸಿತು. ನೌಕರರಲ್ಲಿ ಶೇ. 87 ಮಂದಿ ತಾವು ಚೆನ್ನಾಗಿ ಕೆಲಸ ಮಾಡುತ್ತಿದ್ದೇವೆ ಎಂದರು. ಅವರ ಮೇಲಿನವರಲ್ಲಿ ಹಾಗೆಂದು ಪೂರ್ತಿ ನಂಬಿದವರು ಶೇ. 12. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ ಅವರ ಕಂಪನಿ ಈ ಸಂಶಯದ ಕಾಯಿಲೆಗೆ "ಪ್ರೊಡಕ್ಟಿವಿಟಿ ಪ್ಯಾರನಾಯ" ಎಂದು ನಾಮಕರಣ ಮಾಡಿತು. ಒಳ್ಳೆಯದೇ. ಅದಕ್ಕೂ ಎರಡು ವರ್ಷ ಹಿಂದೆ, 2020ರ ಕೊನೆಯಲ್ಲಿ, ಪ್ರೊಡಕ್ಟಿವಿಟಿ ಸ್ಕೋರ್ ಎಂಬ ಸಲಕರಣೆ ತಂದು, ಯಾವ ನೌಕರ ಎಷ್ಟು ದಿನ ಮೇಲ್ ಕಳಿಸಿದ, ಎಷ್ಟು ಸಲ ಚಾಟ್ ಮಾಡಿದ ಎಂಬುದನ್ನು ಹೆಸರು ಸಮೇತ ತೋರಿಸಿದ್ದು, ಎಲ್ಲ ಕಡೆಯಿಂದ ಉಗಿಸಿಕೊಂಡ ಮೇಲೆ ಹೆಸರುಗಳನ್ನು ತೆಗೆದದ್ದು ಇದೇ ಕಂಪನಿ. ಮಗುವನ್ನು ಚಿವುಟುವವರೂ ಅವರೇ, ತೊಟ್ಟಿಲು ತೂಗುವವರೂ ಅವರೇ.

ನಮ್ಮ ದೇಶದ ಕಂಪನಿಗಳು ಇಷ್ಟು ಸೂಕ್ಷ್ಮಕ್ಕೆ ಹೋಗಲಿಲ್ಲ. ಹೊಸ ಯಂತ್ರ ಯಾಕೆ, ಹಾಜರಿ ಪುಸ್ತಕ ಇದೆಯಲ್ಲ? 2020ರಲ್ಲಿ ಟಿಸಿಎಸ್, 2025ರ ಹೊತ್ತಿಗೆ ತನ್ನ ಶೇ. 25ರಷ್ಟು ಜನರಷ್ಟೇ ಆಫೀಸಿನಲ್ಲಿದ್ದರೆ ಸಾಕು ಎಂಬ ಭವಿಷ್ಯದ ಚಿತ್ರ ಬಿಡಿಸಿತ್ತು. ಭವಿಷ್ಯ ಬರುವ ಎರಡು ವರ್ಷ ಮೊದಲೇ, 2023ರ ಅಕ್ಟೋಬರಿನಿಂದ, ವಾರಕ್ಕೆ ಐದು ದಿನವೂ ಬನ್ನಿ ಎಂದಿತು. 2024ರಲ್ಲಿ ಸಂಬಳದ ಬದಲಾಗುವ ಪಾಲನ್ನು ಹಾಜರಿಗೆ ಗಂಟು ಹಾಕಿತು ಎಂದು ವರದಿಯಾಯಿತು: ಶೇ. 60ಕ್ಕಿಂತ ಕಡಿಮೆ ಬಂದವರಿಗೆ ಸೊನ್ನೆ, ಪೂರ್ತಿ ಬೇಕಿದ್ದರೆ ಶೇ. 85 ದಾಟಬೇಕು. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ ಪರೀಕ್ಷೆಗೆ ಕೂರಲು ಬೇಕಾದ ಹಾಜರಿಯೂ ಶೇ. 85. ಎಂಜಿನಿಯರಿಂಗ್ ಕಾಲೇಜು ಮುಗಿಯಿತು ಎಂದು ಅಂದುಕೊಂಡವರು ಎಷ್ಟು ಮುಗ್ಧರು! ವ್ಯತ್ಯಾಸ ಇಷ್ಟೇ, ಕಾಲೇಜಿನಲ್ಲಿ ಪ್ರಾಕ್ಸಿ ಹೇಳಲು ಸ್ನೇಹಿತರಿದ್ದರು.

ಇನ್ಫೋಸಿಸ್ ಕಥೆ ಇನ್ನೂ ರುಚಿ. ಸಂಸ್ಥಾಪಕ ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಉಪದೇಶಿಸಿದರು. 2025ರಲ್ಲಿ ಅದೇ ಕಂಪನಿ ಮನೆಯಿಂದ ಕೆಲಸ ಮಾಡುವವರ ಗಂಟೆಗಳ ಲೆಕ್ಕ ಇಟ್ಟು, ದಿನಕ್ಕೆ 9 ಗಂಟೆ 15 ನಿಮಿಷ ಮೀರಿದವರಿಗೆ "ಆರೋಗ್ಯ ನೋಡಿಕೊಳ್ಳಿ" ಎಂಬರ್ಥದ ಮೇಲ್ ಕಳಿಸುತ್ತಿದೆ ಎಂದು ಪತ್ರಿಕೆಗಳಲ್ಲಿ ಬಂತು. ಅಂದರೆ ವಾರಕ್ಕೆ ಸುಮಾರು 46 ಗಂಟೆ. ಉಳಿದ 24 ಗಂಟೆಯ ದೇಶಸೇವೆಯನ್ನು ಎಲ್ಲಿ ಕೂತು ಮಾಡಬೇಕು ಎಂಬುದನ್ನು ಇಬ್ಬರೂ ಮಾತಾಡಿಕೊಂಡು ಹೇಳಿದ್ದರೆ ಅನುಕೂಲವಾಗುತ್ತಿತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಈ ಗೊಂದಲ ಇರಲಿಲ್ಲ. ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಉತ್ಸಾಹದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಗದರಿಸಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಟಾರ್ಗೆಟ್ ಮೀರಿದ್ದಕ್ಕೆ ಬೈಸಿಕೊಂಡ ಕನ್ನಡದ ಮೊದಲ ನೌಕರ ಮಾರಯ್ಯನೇ ಇರಬೇಕು. ಲಕ್ಕಮ್ಮನಂಥವರನ್ನು ಎಚ್‌ಆರ್ ಮುಖ್ಯಸ್ಥೆಯಾಗಿ ನೇಮಿಸುವ ಧೈರ್ಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಯಾರಿಗೂ ಇಲ್ಲ.

ವಿಪ್ರೊ ಇನ್ನೊಂದು ತುದಿ ಹಿಡಿಯಿತು. 2022ರಲ್ಲಿ, ತನ್ನಲ್ಲಿದ್ದುಕೊಂಡೇ ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿತು. ಮೋಸ ಮೋಸವೇ, ಅವರ ಪರ ವಕಾಲತ್ತು ಬೇಡ. ಆದರೆ ಮನೆಯಲ್ಲಿ ಕೂತವರು ಕೆಲಸವನ್ನೇ ಮಾಡುವುದಿಲ್ಲ ಎಂಬ ದೂರಿನ ಜೊತೆಗೇ, ಎರಡೆರಡು ಕೆಲಸ ಮಾಡುತ್ತಾರೆ ಎಂಬ ದೂರನ್ನೂ ಅದೇ ಬಾಯಿಂದ ಹೇಳುವುದು ಹೇಗೆ ಎಂಬುದನ್ನು ಕಲಿಯಬೇಕಿದ್ದರೆ ಕಾರ್ಪೊರೇಟ್ ಜಗತ್ತಿಗೇ ಹೋಗಬೇಕು.

ಅಳೆಯದೆ ಬಿಟ್ಟಿರುವುದನ್ನೂ ಸ್ವಲ್ಪ ನೋಡಿ. ಟಾಮ್‌ಟಾಮ್ ಸಂಸ್ಥೆಯ 2023ರ ಸಂಚಾರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 28 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಸಿಲ್ಕ್ ಬೋರ್ಡ್ ಮೇಲ್ಸೇತುವೆಯ ಕೆಳಗೆ ಬೈಕಿನ ಮೇಲೆ ಕಾಲೂರಿ ನಿಂತ ಎಂಜಿನಿಯರನ ಚುಕ್ಕೆ ಯಾವ ಬಣ್ಣದ್ದು? ಆ ಹೊತ್ತು ಕಂಪನಿಯದಲ್ಲ, ಆದ್ದರಿಂದ ಅದಕ್ಕೆ ಮೀಟರ್ ಇಲ್ಲ. ತಮಾಷೆ ಏನೆಂದರೆ, 2021ರ ಆಗಸ್ಟಿನಲ್ಲಿ ರಾಜ್ಯದ ಐಟಿ ಇಲಾಖೆಯೇ ಹೊರವರ್ತುಲ ರಸ್ತೆಯ ಕಂಪನಿಗಳಿಗೆ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ನಡೆಯುತ್ತಿದೆ, 2022ರ ಡಿಸೆಂಬರಿನವರೆಗೆ ನಿಮ್ಮವರನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿತು. ರಸ್ತೆ ಅಗೆಯಲು ಬೇಕಿದ್ದಾಗ ಮನೆಯಲ್ಲಿದ್ದವರೆಲ್ಲ ನಂಬಿಗಸ್ತರು. ಕಂಬ ಎದ್ದು ನಿಂತ ಮೇಲೆ ಸಂಶಯಿತರು. ಇನ್ನು ಕುಕ್ಕರ್ ಮೂರನೇ ವಿಷಲ್ ಹಾಕುವಾಗ ಎದ್ದು ಹೋಗಿ ಉರಿ ಸಣ್ಣ ಮಾಡಿ ಬರುವ ಹೆಂಗಸಿನ ಲೆಕ್ಕ ಬೇರೆಯೇ. ಅತ್ತ ಆಫೀಸಿಗೆ ಆಕೆ ಐಡಲ್, ಇತ್ತ "ದಿನವಿಡೀ ಮನೇಲೇ ಇರ್ತೀಯಲ್ಲ, ಒಂದು ಪಲ್ಯ ಮಾಡೋಕೆ ಆಗಲ್ವಾ?" ಎನ್ನುವ ಮನೆಗೂ ಐಡಲ್.

ಹಾಗಾದರೆ ಮನೆಯಲ್ಲಿ ಕೆಲಸ ನಡೆಯುತ್ತದೆಯೋ ಇಲ್ಲವೋ, ನೆಟ್ಟಗೆ ಅಳೆದವರೇ ಇಲ್ಲವೇ? ಇದ್ದಾರೆ. ಕೊರೊನಾಕ್ಕೂ ಹತ್ತು ವರ್ಷ ಮೊದಲು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿ, ಸ್ಟ್ಯಾನ್‌ಫರ್ಡಿನ ನಿಕೊಲಾಸ್ ಬ್ಲೂಮ್ ಅವರ ಜೊತೆ ಸೇರಿ ಶಾಂಘೈನ ಕಾಲ್ ಸೆಂಟರಿನಲ್ಲಿ ಒಂದು ಪ್ರಯೋಗ ಮಾಡಿತು. ಮನೆಯಿಂದ ಕೆಲಸ ಮಾಡಲು ಮುಂದೆ ಬಂದವರಲ್ಲಿ ಹುಟ್ಟಿದ ತಾರೀಕು ಸಮಸಂಖ್ಯೆಯಾದವರು ಮನೆಗೆ, ಬೆಸದವರು ಆಫೀಸಿಗೆ. ಒಂಬತ್ತು ತಿಂಗಳಾದ ಮೇಲೆ ನೋಡಿದರೆ ಮನೆಯವರ ಕೆಲಸ ಶೇ. 13ರಷ್ಟು ಹೆಚ್ಚಿತ್ತು, ಕೆಲಸ ಬಿಡುವವರು ಅರ್ಧಕ್ಕಿಳಿದಿದ್ದರು. ಎಲ್ಲರೂ ಉದ್ಧರಿಸುವುದು ಇಷ್ಟನ್ನೇ. ನನಗೆ ಇಷ್ಟವಾದದ್ದು ಅದೇ ವರದಿಯ ಇನ್ನೊಂದು ಸಾಲು: ಒಂದೇ ಮಟ್ಟದ ಕೆಲಸ ಮಾಡಿದವರನ್ನು ಹೋಲಿಸಿ ನೋಡಿದಾಗ, ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವುದು ಕಡಿಮೆಯಾಗಿತ್ತು. ಕೆಲಸ ಕಂಡಿತು, ಮುಖ ಕಾಣಲಿಲ್ಲ. ಅದೇ ಕಂಪನಿಯ 1,612 ನೌಕರರ ಮೇಲೆ ನಡೆದ ಮತ್ತೊಂದು ಪ್ರಯೋಗ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದರೆ ಕೆಲಸಕ್ಕೆ ಏನೂ ಧಕ್ಕೆಯಿಲ್ಲ, ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಡಿಮೆ. ಶುರುವಿನಲ್ಲಿ ಇದರಿಂದ ನಷ್ಟವೇ ಎಂದಿದ್ದ ಮ್ಯಾನೇಜರುಗಳು ಕೊನೆಗೆ ಲಾಭವೇ ಎಂದು ಅಭಿಪ್ರಾಯ ಬದಲಿಸಿದರು. ಚೀನಾದ ಮ್ಯಾನೇಜರುಗಳಿಗೆ ಪುರಾವೆ ನೋಡಿ ಅಭಿಪ್ರಾಯ ಬದಲಿಸುವ ಚಟ ಇದೆ ಎಂದಾಯಿತು. ಅವರನ್ನು ಇಲ್ಲಿಗೆ ಕರೆಸುವುದು ಕ್ಷೇಮವಲ್ಲ.

ಕಾನೂನು ಏನಾದರೂ ಕಾಪಾಡೀತೇ ಎಂದು ಕೇಳುವ ಆಸೆಬುರುಕರಿದ್ದಾರೆ. ನೆದರ್‌ಲೆಂಡ್ಸ್‌ನಲ್ಲಿ ಕಾಪಾಡಿತು. ಅಮೆರಿಕದ ಚೇಟು ಎಂಬ ಸಾಫ್ಟ್‌ವೇರ್ ಕಂಪನಿ ಅಲ್ಲಿನ ನೌಕರನೊಬ್ಬನಿಗೆ ದಿನಕ್ಕೆ ಒಂಬತ್ತು ಗಂಟೆ ವೆಬ್‌ಕ್ಯಾಮ್ ಹಾಕಿಟ್ಟುಕೊಳ್ಳಲು ಹೇಳಿತು, ಒಲ್ಲೆ ಎಂದದ್ದಕ್ಕೆ ಕಿತ್ತುಹಾಕಿತು. 2022ರಲ್ಲಿ ಡಚ್ ನ್ಯಾಯಾಲಯ ಅದು ಖಾಸಗಿತನದ ಉಲ್ಲಂಘನೆ ಎಂದು ತೀರ್ಪಿತ್ತು ಸುಮಾರು 75,000 ಯೂರೊ ಕೊಡಿಸಿತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಅದರ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕೆ, ಮಾಲೀಕನನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ನೌಕರನ ದತ್ತಾಂಶ ಬಳಸಲು ಅವನ ಒಪ್ಪಿಗೆ ಬೇಕಿಲ್ಲ ಎನ್ನುತ್ತದೆ. ಬೇಲಿ ಹಾಕಿದ್ದಾರೆ, ಯಜಮಾನರು ಒಳಗೆ ಬರಲೆಂದು ಗೇಟನ್ನೂ ಇಟ್ಟಿದ್ದಾರೆ.

ಹೀಗೆಲ್ಲ ಇದ್ದರೂ, ಮನೆಯಿಂದ ಕೆಲಸ ಮಾಡುವವರನ್ನು ಪೂರ್ಣವಾಗಿ ನಂಬುವ ಒಂದು ಕಾನೂನು ಈ ದೇಶದಲ್ಲಿದೆ ಎಂಬುದು ನೆಮ್ಮದಿಯ ಸಂಗತಿ. ಅದು 2013ರ ಕಂಪನಿಗಳ ಕಾಯ್ದೆ. ಆಡಳಿತ ಮಂಡಳಿಯ ನಿರ್ದೇಶಕರು ಸಭೆಗೆ ಖುದ್ದಾಗಿ ಬರಬೇಕಿಲ್ಲ, ವಿಡಿಯೊದಲ್ಲಿ ಕಾಣಿಸಿಕೊಂಡರೂ ಹಾಜರಿಯೇ. ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ 120 ದಿನದವರೆಗೆ ಬಿಡುವು ಇರಬಹುದು. ಆ 120 ದಿನದಲ್ಲಿ ಅವರ ಮೌಸ್ ಎಷ್ಟು ಸಲ ಅಲ್ಲಾಡಿತು ಎಂದು ಯಾರೂ ಕೇಳುವಂತಿಲ್ಲ. ಅಕಸ್ಮಾತ್ ಒಂದು ಸಭೆಗೂ ತಲೆ ಹಾಕದಿದ್ದರೆ? ಹನ್ನೆರಡು ತಿಂಗಳು ಎಲ್ಲ ಸಭೆಗಳನ್ನೂ ತಪ್ಪಿಸಿದ ಮೇಲಷ್ಟೇ ಸ್ಥಾನ ತೆರವಾಗುತ್ತದೆ ಎನ್ನುತ್ತದೆ 167ನೇ ಸೆಕ್ಷನ್. ಬಂದು ಕೂತರೆ ಸಭೆಯೊಂದಕ್ಕೆ ಒಂದು ಲಕ್ಷ ರೂಪಾಯಿವರೆಗೆ ಶುಲ್ಕ ಕೊಡಬಹುದು. ಟೀಮ್ಸ್ ಪರವಾನಗಿಗಳನ್ನು ನವೀಕರಿಸುವ ಖರ್ಚಿಗೆ ಒಪ್ಪಿಗೆ ಕೊಟ್ಟು ಮುಗಿಯುವ ಅಂಥ ಸಭೆಯಲ್ಲಿ ಇಡೀ ಹೊತ್ತು ಮ್ಯೂಟ್‌ನಲ್ಲಿದ್ದರೂ ಶುಲ್ಕದಲ್ಲಿ ಕಡಿತವಿಲ್ಲ.